ಗುಲಾಬಿ ಬುಡದ ಗುಂಡಿ

ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ‘ಟೀಚರ್’ ಎಂದೇ ಕರೆಯುತ್ತೇನೆ. ಪ್ರೈಮರಿ ಶಾಲೆಯಲ್ಲಿ 30 ವರ್ಷಕ್ಕೂ ಜಾಸ್ತಿ ಪಾಠ ಮಾಡಿ ನಿವೃತ್ತರಾದವರು.

ನಿದ್ದೆ ಬರುತ್ತಿಲ್ಲ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮುಗಿಯಿತು. ಊಟ ಸೇರುತ್ತಿರಲಿಲ್ಲ, ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. ಜೊತೆಗೆ ಬಂದಿದ್ದ ತಂಗಿ, “ಸತ್ತಿದ್ದು ನಾಯಿ ತಾನೇ ಮೇಡಂ, ಅಕ್ಕ ಹೀಗೆ ಕೂತ್ರೆ ಹೇಗೆ?” ಎಂದರು. ಟೀಚರ್ ಮುಖ ಆ ಕಡೆ ತಿರುಗಿಸಿಕೊಂಡರು. ತಂಗಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಆ ನಾಯಿಯ ಹೆಸರು ಕರಿಯ. ಟೀಚರ್ ಯಜಮಾನರು ಬೀದಿಯಿಂದ ಎತ್ತಿಕೊಂಡು ಬಂದ ಮರಿ. ಎರಡು ವರ್ಷದ ಹಿಂದೆ ಯಜಮಾನರು ಹೋದರು. ಮಗ ಹೊರದೇಶದಲ್ಲಿ. ಆಮೇಲೆ ಆ ಮನೆಯಲ್ಲಿ ಉಳಿದವರು ಟೀಚರ್, ಕರಿಯ, ಮತ್ತೆ ಹಿತ್ತಲಿನ ಮಲ್ಲಿಗೆ, ಗುಲಾಬಿ, ಒಂದು ಕರಿಬೇವಿನ ಗಿಡ. ಬೆಳಿಗ್ಗೆ 6ಕ್ಕೆ ಕರಿಯನ ಜೊತೆ ವಾಕಿಂಗ್, ಬಂದು ಗಿಡಕ್ಕೆ ನೀರು, ಆಮೇಲೆ ಕಾಫಿ. ದಿನ ಅಲ್ಲಿಂದಲೇ ಶುರುವಾಗುತ್ತಿತ್ತು.

ಫೆಬ್ರವರಿಯಲ್ಲಿ ಗುಲಾಬಿ ಸೊರಗಿತ್ತು. ಹರಳು ಹಿಂಡಿಯನ್ನು ಮೂಳೆ ಪುಡಿ ಜೊತೆ ಬೆರೆಸಿ ಬುಡಕ್ಕೆ ಹಾಕಿದರು. ಮಾರನೆಯ ದಿನ ನೋಡಿದರೆ ಕರಿಯ ಬುಡ ಕೆದಕಿ ಗುಂಡಿ ಮಾಡಿದ್ದ. ಮೂತಿಗೆಲ್ಲ ಮಣ್ಣು. ಸಂಜೆಗೆ ವಾಂತಿ ಶುರುವಾಯಿತು, ರಾತ್ರಿ ರಕ್ತಭೇದಿ. ಪಶುವೈದ್ಯರು ಡ್ರಿಪ್ ಹಾಕಿದರು, ಕೈಲಾದದ್ದೆಲ್ಲ ಮಾಡಿದರು. ಮೂರನೆಯ ದಿನ ಕರಿಯ ಹೋದ.

ಹರಳು ಬೀಜದಲ್ಲಿ ರೈಸಿನ್ ಎಂಬ ವಿಷ ಇರುತ್ತದೆ. ಎಣ್ಣೆ ಗಾಣದಿಂದ ಹೊರಗೆ ಬರುವಾಗ ಅದು ಎಣ್ಣೆಯ ಜೊತೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಬಿಸಿ ಮಾಡಿ ವಿಷ ತೆಗೆಯದ ಹಿಂಡಿ ನಾಯಿಗೂ ಅಪಾಯ, ದನಕ್ಕೂ ಅಪಾಯ. ಮೂಳೆ ಪುಡಿಯ ವಾಸನೆಗೆ ನಾಯಿ ಹುಡುಕಿಕೊಂಡು ಬರುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಲಕ್ಷಣ ಕಾಣಿಸಿಕೊಳ್ಳಲು ಗಂಟೆಗಟ್ಟಲೆ ಹಿಡಿಯಬಹುದು. ಹಾಗಾಗಿ ನಾಯಿ ತಿಂದದ್ದು ಕಂಡರೆ ವಾಂತಿ ಆಗಲಿ ಎಂದು ಕಾಯಬೇಡಿ, ಉಪ್ಪುನೀರು ಕುಡಿಸಬೇಡಿ. ಗೊಬ್ಬರದ ಚೀಲವನ್ನೂ ಹಿಡಿದುಕೊಂಡು ನೇರ ಪಶುವೈದ್ಯರ ಹತ್ತಿರ ಓಡಿ. ಮನೆಯಲ್ಲಿ ಗಿಡ, ನಾಯಿ ಎರಡೂ ಇರುವವರು ಇದನ್ನು ಓದುತ್ತಿರಬಹುದು, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಮೊದಲ ದಿನವೇ ನೇರವಾಗಿ ಕೇಳಿದೆ: “ಟೀಚರ್, ಬದುಕೋದು ಬೇಡ ಅನ್ನಿಸ್ತಿದ್ಯಾ?” ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. “ಸಾಯಬೇಕು ಅಂತಿಲ್ಲ. ಏಳಬೇಕು ಅನ್ನಿಸಲ್ಲ, ಅಷ್ಟೇ,” ಎಂದರು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ರಾತ್ರಿ 3ಕ್ಕೂ ಫೋನ್ ಎತ್ತುತ್ತಾರೆ. ಮಾತ್ರೆ ಮತ್ತೆ ಶುರು ಮಾಡಲು ಅವರ ಡಾಕ್ಟರ ಹತ್ತಿರ ಕಳಿಸಿದೆ.

ಎರಡನೆಯ ಭೇಟಿಯಲ್ಲಿ ಗೊತ್ತಾಯಿತು, ಅವರು ಗೇಟು ದಾಟುವುದನ್ನೇ ನಿಲ್ಲಿಸಿದ್ದರು. ಹಾಲಿನ ಬೂತ್ ಹತ್ತಿರ, ಸೊಪ್ಪಿನವಳ ಹತ್ತಿರ ಎಲ್ಲರದೂ ಒಂದೇ ಪ್ರಶ್ನೆ, “ಕರಿಯ ಎಲ್ಲಿ?” ಯಜಮಾನರು ಹೋದಾಗ ಬಂಧುಗಳೆಲ್ಲ ಬಂದು ಕೂತಿದ್ದರು, ಹದಿಮೂರು ದಿನ ಮನೆ ತುಂಬ ಜನ. ಈ ಸಲ ಒಬ್ಬರೂ ಬರಲಿಲ್ಲ. ಅಳುವುದಕ್ಕೂ ಸಂಕೋಚ. ನಾಯಿಗಾಗಿ ಇಷ್ಟು ಅಳಬಹುದಾ ಎಂದು ನನ್ನನ್ನೇ ಕೇಳಿದರು. ಅಳಬಹುದು ಎಂದೆ. ಇಬ್ಬರೂ ಸೇರಿ ಒಂದೇ ಒಂದು ಉತ್ತರ ಹೊಂದಿಸಿಕೊಂಡೆವು: “ಕರಿಯ ಹೋಗ್ಬಿಟ್ಟ. ಈಗ ಮಾತಾಡಕ್ಕೆ ಆಗಲ್ಲ, ಇನ್ನೊಂದ್ಸಲ ಹೇಳ್ತೀನಿ.” ನನ್ನೆದುರು ಐದಾರು ಸಲ ಹೇಳಿದರು. ಮೊದಲ ಮೂರು ಸಲ ‘ಹೋಗ್ಬಿಟ್ಟ’ದ ಹತ್ತಿರವೇ ಗಂಟಲು ಕಟ್ಟಿತು.

ತೋಟದ ಬಗ್ಗೆ ಹೇಳಿದ್ದು ಇಷ್ಟೇ: ಪೂರ್ತಿ ತೋಟ ನೋಡಿಕೊಳ್ಳಬೇಡಿ. ದಿನಕ್ಕೆ ಒಂದು ಗಿಡ, ಎರಡು ಚೊಂಬು ನೀರು. ಮನಸ್ಸಾದಾಗ ಅಲ್ಲ, ಕಾಫಿಗೆ ಮೊದಲು. ಮನಸ್ಸು ಬರಲಿ ಎಂದು ಕಾದರೆ ಖಿನ್ನತೆಯಲ್ಲಿ ಅದು ಬರುವುದೇ ಇಲ್ಲ. ಕೈ ಮೊದಲು ಎದ್ದರೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಮೂರನೆಯ ಭೇಟಿಯಲ್ಲಿ ಅಸಲು ವಿಷಯ ಹೊರಬಂತು. ಗುಂಡಿ ಕಂಡ ಬೆಳಿಗ್ಗೆ ಅವರು ಕರಿಯನಿಗೆ ಪೊರಕೆಯಲ್ಲಿ ಒಂದೇಟು ಕೊಟ್ಟಿದ್ದರು. “ಹಾಳಾದೋನೇ, ನನ್ನ ಗಿಡ ಎಲ್ಲ ಕೊಂದೆ,” ಎಂದು ಬಯ್ದಿದ್ದರು. ಅವನು ಬಾಲ ಮುದುರಿಕೊಂಡು ಕಟ್ಟೆ ಕೆಳಗೆ ಹೋಗಿ ಮಲಗಿದ. “ವಿಷ ಇಟ್ಟವಳು ನಾನು. ಹೊಡೆದವಳೂ ನಾನೇ.” ಇದನ್ನು ತಂಗಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ.

“ನಿಮ್ಮದೇನೂ ತಪ್ಪಿಲ್ಲ ಬಿಡಿ” ಎನ್ನುವ ಮಾತು ನನ್ನ ನಾಲಿಗೆ ತುದಿಗೂ ಬಂತು. ಹೇಳಲಿಲ್ಲ. ಹಾಗೆ ಹೇಳಿದರೆ ಎದುರಿಗಿರುವವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನೋವು ಒಳಗೇ ಉಳಿಯುತ್ತದೆ. ಒಂದು ಹಾಳೆ ಕೊಟ್ಟೆ. ಎಡಗಡೆ, ಆ ದಿನ ನಿಮಗೆ ಏನು ಗೊತ್ತಿತ್ತು. ಬಲಗಡೆ, ಆಮೇಲೆ ಏನು ಗೊತ್ತಾಯಿತು. ಟೀಚರ್ ಅಲ್ವಾ, ಸ್ಕೇಲ್ ಕೇಳಿ ಪಡೆದು ನಡುವೆ ಗೆರೆ ಎಳೆದರು. ಎಡಗಡೆ ಬರೆದದ್ದು: “ಹಿಂಡಿ ಅಂದರೆ ಹಸು ತಿನ್ನುವುದು. ಅಮ್ಮ ಕಡಲೆಕಾಯಿ ಹಿಂಡಿ ನೆನೆಸಿ ಇಡುತ್ತಿದ್ದಳು.” ಬಲಗಡೆ: “ಹರಳು ಹಿಂಡಿ ವಿಷ.”

ಕೇಳಿದೆ, “ನೀವು ಇನ್ನೂ ಮಾಡದ ಪಾಠದಲ್ಲಿ ಮಗು ತಪ್ಪು ಬರೆದರೆ ಅಂಕ ಕಳೀತಿದ್ರಾ?”

ತುಂಬ ಹೊತ್ತು ಸುಮ್ಮನಿದ್ದರು. “ಕಳೀತಿರ್ಲಿಲ್ಲ. ಆದ್ರೆ ಇದು ಜೀವ, ಮೇಡಂ.”

ನಾನು ವಾದ ಮಾಡಲಿಲ್ಲ. ಅವರು ಹೇಳಿದ್ದು ಸರಿ. ದುಃಖವನ್ನು ಅಳಿಸುವುದು ನನ್ನ ಕೆಲಸವೂ ಅಲ್ಲ. ‘ನಾನೇ ಕೊಂದೆ’ ಎನ್ನುವುದರಿಂದ ‘ಗೊತ್ತಿಲ್ಲದೆ ಆಗಿಹೋಯಿತು’ ಎನ್ನುವಲ್ಲಿಗೆ ಬಂದರೆ ಅಷ್ಟೇ ಸಾಕಾಗಿತ್ತು. ಪೊರಕೆ ಏಟಿಗೆ ಬೇರೆ ಮಾತು ಬೇಕಿತ್ತು. ಅವನು ಎಷ್ಟು ವರ್ಷ ನಿಮ್ಮ ಜೊತೆ ಇದ್ದ ಎಂದು ಕೇಳಿದೆ. ಒಂಬತ್ತು. ಆ ಒಂಬತ್ತು ವರ್ಷದ ಉಳಿದ ಬೆಳಗುಗಳನ್ನು ಹೇಳಿ ಎಂದೆ. ಮುಕ್ಕಾಲು ಗಂಟೆ ಹೇಳಿದರು. ಅದರಲ್ಲಿ ಒಂದೆರಡು ಸಲ ನಕ್ಕರು ಕೂಡ.

ಇಷ್ಟಾಗುವಾಗ ಒಂದು ಎಡವಟ್ಟಾಯಿತು. ಅಮ್ಮ ಸುಧಾರಿಸುತ್ತಿದ್ದಾಳೆ ಎಂದು ಮಗ ಸ್ನೇಹಿತರ ಕೈಲಿ ಲ್ಯಾಬ್ರಡಾರ್ ಮರಿ ಕಳಿಸಿಬಿಟ್ಟ. ಟೀಚರ್ ಎರಡು ದಿನ ಊಟ ಬಿಟ್ಟರು. ಮರಿ ಕಾಲಿಗೆ ಸುತ್ತಿಕೊಂಡರೆ ಕರಿಯನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತಿತ್ತಂತೆ. ಮಗನ ಜೊತೆ ನಾನು ಮೊದಲೇ ಮಾತಾಡಬೇಕಿತ್ತು. ಆ ಲೋಪ ನನ್ನದು. ಅವರ ಅನುಮತಿ ಪಡೆದು ಫೋನ್ ಮಾಡಿದೆ. ಮರಿ ಬೇಕೋ ಬೇಡವೋ ಅನ್ನುವುದನ್ನು ಅಮ್ಮನೇ ಹೇಳಲಿ, ನೀವು ವಾರಕ್ಕೆ ಎರಡು ಸಲ ಕರೆ ಮಾಡಿ ಕರಿಯನ ಬಗ್ಗೆ ಕೇಳಿ ಎಂದೆ. ಹುಡುಗ ಅತ್ತುಬಿಟ್ಟ. ಅಪ್ಪನ ನಾಯಿ, ಅವನಿಗೂ ಯಾರೂ ಸಮಾಧಾನ ಹೇಳಿರಲಿಲ್ಲ. ನಾಲ್ಕನೆಯ ದಿನ ಮರಿ ಸ್ನೇಹಿತರ ಮನೆಗೇ ವಾಪಸ್ ಹೋಯಿತು.

ಉಳಿದ ಅರ್ಧ ಚೀಲ ಹಿಂಡಿ ಮೆಟ್ಟಿಲ ಕೆಳಗೇ ಇತ್ತು, ಅವರು ಮುಟ್ಟುತ್ತಿರಲಿಲ್ಲ. ಅದನ್ನು ಸುಮ್ನೆ ಯಾರಿಗೋ ಕೊಟ್ಟುಬಿಡಬೇಡಿ ಎಂದಿದ್ದೆ. ಟೀಚರ್ ಚೀಲ ಹೊರಿಸಿಕೊಂಡು ಗೊಬ್ಬರದ ಅಂಗಡಿಗೇ ಹೋದರು. ಅಂಗಡಿಯವನು ಒಪ್ಪಿದ ಮೇಲೆ ಹರಳು ಹಿಂಡಿಯ ರಾಶಿಯ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ, ದುಂಡು ಅಕ್ಷರದಲ್ಲಿ ತಾವೇ ಬರೆದರು: “ನಾಯಿ, ದನ ತಿಂದರೆ ಸಾಯುತ್ತವೆ.” ಈಗ ಗುಲಾಬಿಗೆ ಎರೆಗೊಬ್ಬರ ಹಾಕುತ್ತಾರೆ.

ಎಂಟನೆಯ ಭೇಟಿ ಜೂನ್‌ನಲ್ಲಿ. ನಿದ್ದೆ ಐದಾರು ಗಂಟೆ ಬರುತ್ತಿತ್ತು. ವಾಕಿಂಗ್ ಹಾಲಿನ ಬೂತಿನವರೆಗೆ ಮಾತ್ರ. ಮಲ್ಲಿಗೆಯಲ್ಲಿ ಒಂದು ಬಳ್ಳಿ ಒಣಗಿ ಹೋಗಿತ್ತು, ಉಳಿದದ್ದು ಚಿಗುರಿತ್ತು. ಕರಿಯ ತೋಡಿದ ಗುಂಡಿ ಮಾತ್ರ ಇನ್ನೂ ಹಾಗೇ ಇದೆ ಎಂದರು. “ಮಳೆ ನೀರು ನಿಂತ್ರೆ ಸೊಳ್ಳೆ ಆಗುತ್ತೆ. ಮುಚ್ಚಬೇಕು.” ಯಾವಾಗ ಎಂದು ನಾನು ಕೇಳಲಿಲ್ಲ.