ಪೊಲೀಸರ ಎದೆ ಮೇಲಿನ ಕ್ಯಾಮೆರಾದಿಂದ ನಮಗೇನು ಲಾಭ?

ಟ್ರಾಫಿಕ್ ಪೊಲೀಸರ ಬಾಡಿ ಕ್ಯಾಮೆರಾ ಬರೀ ದಂಡ ಹಾಕೋಕಾ, ಇಲ್ಲ ಬೈಕ್ ಸವಾರರಿಗೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಎರಡೂ ಹೌದು. ದಂಡಕ್ಕೆ ಅದನ್ನು ಬಳಸಲು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ 2021ರಿಂದ ಅವಕಾಶ ಇದೆ.

ಆದರೆ ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಒಮ್ಮೆ ನಾನೇ ನೋಡಿದ್ದು ಹೇಳ್ತೇನೆ. ಹೆಲ್ಮೆಟ್ ಇಲ್ಲದ ಹುಡುಗನೊಬ್ಬ ಕೂಗಾಡುತ್ತಿದ್ದ, ಪೊಲೀಸರೂ ಬಿಡಲಿಲ್ಲ, ಮಾತಿಗೆ ಮಾತು ಬೆಳೆದು ಇನ್ನೇನು ಕೈ ಮಿಲಾಯಿಸಬೇಕು ಅನ್ನುವಾಗ ಅವರು ಎದೆ ಮೇಲಿನ ಬಟನ್ ಒತ್ತಿ, "ರೆಕಾರ್ಡ್ ಆಗ್ತಾ ಉಂಟು ಮಾರಾಯ" ಅಂದರು. ಕೆಂಪು ದೀಪ ಮಿನುಗಿತು. ಇಬ್ಬರ ದನಿಯೂ ಇಳಿಯಿತು.

ನನ್ನ ತಕರಾರು ಆ ಬಟನ್ ಬಗ್ಗೆಯೇ. ಅದು ಅವರ ಕೈಯಲ್ಲೇ ಇದೆ, ಅಲ್ವಾ? ಜಗಳ ಅರ್ಧ ಆದ ಮೇಲೆ ಆನ್ ಮಾಡಿದರೆ ನಮ್ಮ ಸಿಟ್ಟು ಮಾತ್ರ ದಾಖಲಾಗುತ್ತದೆ, ಅದಕ್ಕೆ ಕಾರಣ ಏನು ಅನ್ನೋದು ಬರುವುದೇ ಇಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 2,000ಕ್ಕೂ ಹೆಚ್ಚು ಪೊಲೀಸರ ಮೇಲೆ ಅಧ್ಯಯನ ಮಾಡಿ 2017ರಲ್ಲಿ ವರದಿ ಕೊಟ್ಟರು. ಕ್ಯಾಮೆರಾ ಹಾಕಿದ ಪೊಲೀಸರಿಗೂ ಹಾಕದವರಿಗೂ ಬಲಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕ್ಯಾಮೆರಾ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತೆ ಅಂತ ಸುಮ್ನೆ ನಂಬಬೇಡಿ.

ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬಾಡಿ ಕ್ಯಾಮೆರಾಗೂ ಅಂಥದ್ದೇ ಬಿಗಿ ಬೇಕು. ನಿಮ್ಮನ್ನು ಅನ್ಯಾಯವಾಗಿ ತಡೆದರೆ ಜಾಗ, ಹೊತ್ತು, ಪೊಲೀಸರ ಎದೆ ಮೇಲಿನ ನಾಮಫಲಕದ ಹೆಸರು ಬರೆದಿಟ್ಟುಕೊಳ್ಳಿ. ತಡಮಾಡದೆ ದೂರು ಕೊಟ್ಟು, ರೆಕಾರ್ಡಿಂಗ್ ಅಳಿಸದೆ ಉಳಿಸಬೇಕು ಅಂತ ಅದರಲ್ಲೇ ಬರೆಯಿರಿ.