ಅವ್ವನ ಅಂಟಿನುಂಡಿ ಮತ್ತು ಇಳಿಯದ ತೂಕ

ಪ್ರಶ್ನೆ: ನನಗೆ 29 ವರ್ಷ, ಹಾವೇರಿ ಕಡೆಯವಳು. ಮಗುವಿಗೆ ಏಳು ತಿಂಗಳು. ಬಸಿರಿನ ಆರನೇ ತಿಂಗಳಲ್ಲಿ ಶುಗರ್ ಬಂದು, ಹೆರಿಗೆಯವರೆಗೂ ಇನ್ಸುಲಿನ್ ಚುಚ್ಚಿಕೊಂಡೆ. ಆಮೇಲೆ ನಿಲ್ಲಿಸಿದರು. ‘ಹೋತು ಬಿಡು’ ಎಂದರು ಎಲ್ಲರೂ. ಬಸಿರಾಗುವ ಮುಂಚೆ 60 ಕೆ.ಜಿ. ಇದ್ದವಳು ಈಗ 71. ತವರಿನ ಬಾಣಂತನದಲ್ಲಿ ಅವ್ವ ದಿನಕ್ಕೆರಡು ಅಂಟಿನುಂಡಿ ತಿನ್ನಿಸಿದಳು, ಬೇಡವೆಂದರೆ ಕಣ್ಣೀರು ಹಾಕುತ್ತಿದ್ದಳು. ಈಗಲೂ ಡಬ್ಬಿ ತುಂಬಿ ಕಳಿಸುತ್ತಾಳೆ. ನಮ್ಮ ಮನೆಯವರು ‘ಇನ್ನೊಂದು ಕೂಸು ಒಳಗ ಉಳದೈತೇನ?’ ಎಂದು ನಗುತ್ತಾರೆ. ಮೂರು ತಿಂಗಳಲ್ಲಿ ನಾದಿನಿ ಮದುವೆ. ಎರಡು ವಾರದಿಂದ ರಾತ್ರಿ ಊಟ ಬಿಟ್ಟಿದ್ದೇನೆ, ಯಾರಿಗೂ ಗೊತ್ತಿಲ್ಲ. ಎದೆಹಾಲು ಕಡಿಮೆಯಾದಂತಿದೆ. ಅನ್ನ-ರೊಟ್ಟಿ ಬಿಡುವ ಕೀಟೋ ಪಥ್ಯ ಶುರು ಮಾಡಲೇ? ಅವ್ವನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂತಲ್ಲ ಎಂದು ಅಳು ಬರುತ್ತದೆ.

ಉತ್ತರ: ಇವತ್ತು ರಾತ್ರಿ ಊಟ ಮಾಡಿ. ಉಳಿದದ್ದು ಆಮೇಲೆ.

ನಿಮ್ಮ ಪತ್ರದಲ್ಲಿ ಕಿಲೋ ಲೆಕ್ಕವಿದೆ, ಮದುವೆಗೆ ಉಳಿದ ತಿಂಗಳ ಲೆಕ್ಕವಿದೆ. ಹೆರಿಗೆಯ ನಂತರ ಸಕ್ಕರೆ ಪರೀಕ್ಷೆ ಮಾಡಿಸಿದ ಮಾತೇ ಇಲ್ಲ. ನನಗೆ ಚಿಂತೆ ಹತ್ತಿದ್ದು ಅಲ್ಲಿ. ಬಸಿರಿನಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತವೆ. ಮಾಸು ಬಿದ್ದ ಮೇಲೆ ಸಕ್ಕರೆ ಇಳಿಯುವುದು ಅದಕ್ಕೇ. ಆದರೆ ಈ ಅಡ್ಡಿ ಎಲ್ಲ ಬಸುರಿಯರಿಗೂ ಇರುತ್ತದೆ. ಹೆಚ್ಚಿನವರಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಅದನ್ನು ಹೇಗೋ ಸಂಭಾಳಿಸುತ್ತದೆ, ನಿಮ್ಮದಕ್ಕೆ ಆಗಲಿಲ್ಲ. ‘ಹೋತು ಬಿಡು’ ಅಂದವರು ಇದನ್ನು ಮರೆತರು. ಹೀಗೆ ಸಕ್ಕರೆ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದವರಿಗಿಂತ ಸುಮಾರು ಏಳರಿಂದ ಹತ್ತು ಪಟ್ಟು ಹೆಚ್ಚು. ಮೈಯಲ್ಲೇ ಉಳಿದ ತೂಕ ಅದನ್ನು ಇನ್ನಷ್ಟು ಏರಿಸುತ್ತದೆ. ತೂಕ ಇಳಿಸಬೇಕಾದದ್ದು ಈ ಕಾರಣಕ್ಕೆ, ಮದುವೆ ಫೋಟೋಗಲ್ಲ.

ಆರು ವಾರಕ್ಕೆ ಆಗಬೇಕಿದ್ದ ಪರೀಕ್ಷೆಯನ್ನು ಈ ವಾರ ಮಾಡಿಸಿ. ಖಾಲಿ ಹೊಟ್ಟೆಯ ರಕ್ತವೊಂದೇ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ ಇನ್ನೊಮ್ಮೆ ಕೊಡಬೇಕು. ಆಗ 140ರ ಒಳಗಿದ್ದರೆ ಸರಿ, 200 ಮುಟ್ಟಿದರೆ ಮಧುಮೇಹ, ನಡುವೆ ಬಂದರೆ ಹೊಸ್ತಿಲ ಮೇಲಿದ್ದೀರಿ. ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಅದೇ ದಿನ ಥೈರಾಯ್ಡ್ ಕೂಡ ನೋಡಿಸಿ, ಹೆರಿಗೆಯ ನಂತರ ಅದು ಏರುಪೇರಾಗುವುದುಂಟು. ಮಕ್ಕಳಾಗದಂತೆ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದರಿಂದಲೂ ಕೆಲವರಿಗೆ ತೂಕ ಏರುತ್ತದೆ. ಅಳುವ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ಕೀಟೋ ಬೇಡ. ಹಾಲುಣಿಸುವ ತಾಯಂದಿರು ಅನ್ನ-ರೊಟ್ಟಿ ಪೂರ್ತಿ ಬಿಟ್ಟು, ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಿದ್ದಿದೆ. ಅಪರೂಪ, ಆದರೂ ಇದೆ. ಹಾಲುಣಿಸುವುದಕ್ಕೇ ದಿನಕ್ಕೆ ಸುಮಾರು 400-500 ಕ್ಯಾಲೊರಿ ಖರ್ಚಾಗುತ್ತದೆ. ಮುಂದೆ ಮಧುಮೇಹ ಬರುವ ಸಂಭವವನ್ನೂ ಅದು ತಗ್ಗಿಸುತ್ತದೆ. ಉಪವಾಸ ಬಿದ್ದು ಅದನ್ನು ಕಳೆದುಕೊಳ್ಳುವುದು ಯಾವ ಲೆಕ್ಕ? ಹನ್ನೊಂದು ಕಿಲೋ ಒಮ್ಮೆಗೇ ಇಳಿಸುವ ಹಟವನ್ನೂ ಬಿಡಿ. ಬಸಿರಿನಲ್ಲಿ ಸಕ್ಕರೆ ಬಂದು ಆಮೇಲೆ ಹೊಸ್ತಿಲ ಮೇಲಿದ್ದ ಹೆಂಗಸರು ಅಮೆರಿಕದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಎಂಬ ದೊಡ್ಡ ಅಧ್ಯಯನದಲ್ಲಿದ್ದರು. ತೂಕದ 7 ಶೇಕಡಾ ಇಳಿಸುವ ಗುರಿ, ವಾರಕ್ಕೆ 150 ನಿಮಿಷದ ನಡಿಗೆಯಂಥ ವ್ಯಾಯಾಮ, ಇಷ್ಟರಿಂದ ಮಧುಮೇಹಕ್ಕೆ ಜಾರುವವರು ಸುಮಾರು ಅರ್ಧಕ್ಕೆ ಇಳಿದರು. ನಿಮ್ಮ ಪಾಲಿಗೆ ಅದು ಐದು ಕಿಲೋ. ಮೂರು ಹೊತ್ತೂ ಉಣ್ಣಿ: ಕಾಳು, ಪಲ್ಯ, ಮೊಸರು ಜಾಸ್ತಿ, ಅನ್ನ ಒಂದು ಬಟ್ಟಲು. ಉಂಡ ಮೇಲೆ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಕಾಲು ಗಂಟೆ ತಿರುಗಾಡಿ.

ಇನ್ನು ಅವ್ವ. ಒಣಕೊಬ್ಬರಿ, ಉತ್ತತ್ತಿ, ಅಂಟು, ತುಪ್ಪ, ಬೆಲ್ಲ ಸೇರಿದ ಆ ಉಂಡಿ, ಬಸಿರಿನಲ್ಲೂ ಅರೆಹೊಟ್ಟೆ ಉಂಡು ಬಾಣಂತನ ಮುಗಿಯುತ್ತಲೇ ಹೊಲಕ್ಕಿಳಿಯುತ್ತಿದ್ದ ಹೆಂಗಸಿನ ಮೈಗೆ ಬೇಕಾಗಿತ್ತು. ಎಷ್ಟೋ ಮನೆಗಳಲ್ಲಿ ಸೊಸೆಯ ತಟ್ಟೆಗೆ ತುಪ್ಪ ಬೀಳುತ್ತಿದ್ದದ್ದು ಆ ಕೆಲವೇ ತಿಂಗಳು. ನಿಮ್ಮವ್ವ ಸಕ್ಕರೆ ಬಿಡಿಸಿ ಬೆಲ್ಲ ತಿನ್ನಿಸಿರಬಹುದು, ‘ಬೆಲ್ಲ ನಡೀತೈತಿ’ ಎಂದು. ರಕ್ತಕ್ಕೆ ಅವೆರಡೂ ಒಂದೇ, ಆದರೆ ಅದನ್ನು ಆಕೆಗೆ ಯಾರೂ ಹೇಳಿರಲಿಕ್ಕಿಲ್ಲ. ಸಿಟ್ಟು ಬಂದದ್ದು ತಪ್ಪೇನಲ್ಲ. ಫೋನಿನಲ್ಲಿ ‘ನಿನ್ನಿಂದ ದಪ್ಪಾದೆ’ ಅನ್ನಬೇಡಿ ಅಷ್ಟೇ. ‘ಅವ್ವಾ, ಡಾಕ್ಟರು ಉಂಡಿ ಸಾಕಂದಾರ, ಸಬ್ಬಸಿಗಿ ಪಲ್ಯ, ಮಡಕಿಕಾಳು ಮಾಡಿ ಕಳಸು, ಅಗಸಿ ಚಟ್ನಿಪುಡಿ ಹಾಕು’ ಅನ್ನಿ. ಡಬ್ಬಿ ಬರುವುದು ನಿಲ್ಲಬಾರದು, ಒಳಗಿನದು ಬದಲಾಗಲಿ.

ಗಂಡನ ತಮಾಷೆಗೆ ನಗಬೇಡಿ. ರಾತ್ರಿ ಊಟ ಬಿಟ್ಟದ್ದನ್ನು ಅವರಿಗೆ ಹೇಳಿ. ಲ್ಯಾಬಿನಲ್ಲಿ ಗ್ಲೂಕೋಸ್ ಕುಡಿದು ಎರಡು ಗಂಟೆ ಕೂರಬೇಕಾಗುತ್ತದೆ, ಕೂಸನ್ನು ಎತ್ತಿಕೊಂಡು ಓಡಾಡಲು ಒಬ್ಬರು ಬೇಕು. ಅವರನ್ನೇ ಕರೆದುಕೊಂಡು ಹೋಗಿ.