ಊಟ ಬದಲಿಸಿದರೆ ಮನಸ್ಸಿನ ಮಂಕು ಕಳೆಯುತ್ತದೆಯೇ?

ವಿಜಯಪುರದಲ್ಲಿ ಕೋಣೆ ಹಿಡಿದು ಓದುತ್ತಿರುವ ತಮ್ಮ ಮಗ ಚಹಾ, ಬಿಸ್ಕತ್ತು, ಚುರಮುರಿಯಲ್ಲೇ ದಿನ ದೂಡುತ್ತ ಮಂಕಾಗಿರುವುದಕ್ಕೆ ಊಟವೇ ಕಾರಣವೇ ಎಂದು ಕೇಳಿದ್ದೀರಿ. ಭಾಗಶಃ ಇರಬಹುದು, ಆದರೆ ಖಿನ್ನತೆಯೇ ಹಸಿವನ್ನು ಕೆಡಿಸಿ, ಒಲೆ ಹಚ್ಚುವ ಉತ್ಸಾಹವನ್ನೂ ಕಸಿದುಕೊಳ್ಳುವುದರಿಂದ ಯಾವುದು ಮೊದಲು ಎಂದು ಹೇಳುವುದು ಕಷ್ಟ.

2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 67 ಜನರಿದ್ದರು. ತರಕಾರಿ, ಕಾಳು, ಇಡಿಧಾನ್ಯ, ಮೀನು, ಆಲಿವ್ ಎಣ್ಣೆಯ ಊಟಕ್ಕೆ 12 ವಾರಗಳ ಅವಧಿಯಲ್ಲಿ ಮಾರ್ಗದರ್ಶನ ಪಡೆದವರಲ್ಲಿ ಸುಮಾರು ಶೇ. 32ರಷ್ಟು ಮಂದಿ ಚೇತರಿಸಿಕೊಂಡರೆ, ಕೇವಲ ಮಾತುಕತೆಯ ಒಡನಾಟ ದೊರೆತವರಲ್ಲಿ ಆ ಪ್ರಮಾಣ ಶೇ. 8 ಮಾತ್ರ. ಅಧ್ಯಯನ ಚಿಕ್ಕದು, ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯಲ್ಲಿಯೂ ಇದ್ದರು.

ಇದಕ್ಕಾಗಿ ಆಲಿವ್ ಎಣ್ಣೆ ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಅಗಸಿ ಹಿಂಡಿ, ಗಟ್ಟಿ ಮೊಸರು ಇರುವ ನಮ್ಮ ಕಡೆಯ ತಾಟು ಬಹುಮಟ್ಟಿಗೆ ಅದೇ ಬಗೆಯದು. ಆದರೆ ರೊಟ್ಟಿಯಲ್ಲಾಗಲಿ ಕಾಳಿನಲ್ಲಾಗಲಿ ಬಿ12 ಜೀವಸತ್ವವಿಲ್ಲ. ಸಸ್ಯಾಹಾರಿಗಳಿಗೆ ಅದು ಮುಖ್ಯವಾಗಿ ಹಾಲು-ಮೊಸರಿನಿಂದ ಬರಬೇಕು. ಅದರ ಕೊರತೆಯಿಂದ ಬರುವ ದಣಿವು, ಮರೆವು, ಬೇಸರಗಳು ಖಿನ್ನತೆಯಂತೆಯೇ ತೋರುವುದರಿಂದ ರಕ್ತಪರೀಕ್ಷೆ ಮಾಡಿಸುವುದು ಲೇಸು. ಮಂಕು ಎರಡು ವಾರ ಮೀರಿದ್ದರೆ ಊಟದ ಪ್ರಯೋಗಕ್ಕೆ ಕಾಯದೆ ಮನೋವೈದ್ಯರನ್ನು ಕಾಣಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.